ರಾಕೆಟ್ಟಿನ ಪತನವೂ ಕ್ಷೇತ್ರರಕ್ಷಕನ ಹೊಣೆಯೂ

೧

ರಾಕೆಟ್ಟುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೇಲಕ್ಕೆ ಹೋದ ರಾಕೆಟ್ಟುಗಳ ಕಥೆಯನ್ನೇ ಹೇಳುತ್ತಾರೆ. ಚಂದ್ರನನ್ನು ಮುಟ್ಟಿದ್ದು, ಮಂಗಳನನ್ನು ಸುತ್ತಿದ್ದು, ಭೂಮಿಯ ಸುತ್ತಲೂ ಕೃತಕೋಪಗ್ರಹಗಳನ್ನು ನೆಲೆಗೊಳಿಸಿದ್ದು, ಇವೆಲ್ಲ ಹೇಳತಕ್ಕ ಕಥೆಗಳೇ ಸರಿ. ಆದರೆ ಹೋಗಬೇಕಾದ ಕಡೆಗೆ ಹೋಗದೆ ದಾರಿ ತಪ್ಪಿದ ರಾಕೆಟ್ಟುಗಳೂ ಅನೇಕ ಉಂಟು. ಅವು ಎಲ್ಲಿ ಬಿದ್ದವು, ಬೀಳುವ ಮೊದಲು ತಡೆದವರು ಯಾರು, ಕೆಳಗೆ ಮನೆಮಠ ಕಟ್ಟಿಕೊಂಡಿದ್ದ ಜನರ ಪಾಡೇನಾಯಿತು ಎಂಬುದನ್ನು ವಿಚಾರಿಸುವವರು ಕಡಿಮೆ. ಈ ಲೇಖನದಲ್ಲಿ ಆ ವಿಚಾರವನ್ನು ಕೊಂಚಮಟ್ಟಿಗೆ ಪರ್ಯಾಲೋಚಿಸುವುದು ನನ್ನ ಉದ್ದೇಶ.

ನಮ್ಮ ನಾಡಿನ ಕೆರೆಗಳನ್ನು ಬಲ್ಲ ವಾಚಕರಿಗೆ ಈ ವಿಷಯವು ತೀರ ಹೊಸದಾಗಿ ತೋರಲಾರದು. ಕೆರೆಯ ಕೋಡಿಯಲ್ಲಿ ನೆಟ್ಟ ಕಲ್ಲುಗಳ ನಡುವೆ ಮಣ್ಣು ಹೆಂಟೆಗಳನ್ನು ತುಂಬಿ ನೀರನ್ನು ಒಂದೆರಡು ಅಡಿ ಹೆಚ್ಚಾಗಿ ನಿಲ್ಲಿಸಿಕೊಳ್ಳುವ ಪದ್ಧತಿಯುಂಟಷ್ಟೆ. ನೀರು ಹೆಚ್ಚಿದಷ್ಟೂ ಊರಿಗೆ ಲಾಭ. ಆದರೆ ಮಹಾಪೂರ ಬಂದ ರಾತ್ರಿ ಯಾರಾದರೊಬ್ಬನು ಹೋಗಿ ಆ ಮಣ್ಣನ್ನು ಕಿತ್ತುಹಾಕಿ, ಇಡೀ ಊರು ಆಸೆಪಟ್ಟು ಕೂಡಿಸಿದ ನೀರನ್ನು ಹರಿಯಬಿಡಲೇ ಬೇಕು. ತಡಮಾಡಿದರೆ ಏರಿಯೇ ಒಡೆದು ಕೆಳಗಿನ ಊರು ಕೊಚ್ಚಿಹೋದೀತು. ರಾಕೆಟ್ಟುಗಳನ್ನು ಹಾರಿಸುವ ಕ್ಷೇತ್ರಗಳಲ್ಲಿಯೂ ಇಂಥ ಒಬ್ಬ ಅಧಿಕಾರಿ ಇರುತ್ತಾನೆ. ಅವನಿಗೆ ಕ್ಷೇತ್ರರಕ್ಷಣಾಧಿಕಾರಿ ಎಂದು ಹೆಸರಿಡೋಣ. ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟಿದ ರಾಕೆಟ್ಟು ದಾರಿ ತಪ್ಪಿತೆಂದು ಕಂಡಾಗ ಅದನ್ನು ಆಕಾಶದಲ್ಲಿಯೇ ನಾಶಪಡಿಸುವುದು ಅವನ ಕರ್ತವ್ಯ.

೨

ಈ ಹುದ್ದೆಗೆ ಇಂದಿರುವ ಘನತೆಯು ಒಂದೇ ದಿನದಲ್ಲಿ ಬಂದದ್ದಲ್ಲ. ಎರಡನೆಯ ಮಹಾಯುದ್ಧವು ಮುಗಿದಮೇಲೆ ಅಮೆರಿಕಾದವರು ಜರ್ಮನಿಯಿಂದ ತಂದ ವಿ-೨ ರಾಕೆಟ್ಟುಗಳನ್ನು ನ್ಯೂ ಮೆಕ್ಸಿಕೋ ಸಂಸ್ಥಾನದ ವೈಟ್ ಸ್ಯಾಂಡ್ಸ್ ಎಂಬ ಮರುಭೂಮಿಯಲ್ಲಿ ಹಾರಿಸಿ ಪರೀಕ್ಷಿಸುತ್ತಿದ್ದರು. ೧೯೪೭ನೆಯ ಇಸವಿ ಮೇ ೨೯ರ ಸಂಜೆ ಹಾರಿಸಿದ, ಕೊಂಚ ಮಾರ್ಪಡಿಸಿದ್ದ ಅಂಥ ಒಂದು ರಾಕೆಟ್ಟು ಉತ್ತರಕ್ಕೆ ಹೋಗಬೇಕಾಗಿದ್ದದ್ದು ದಕ್ಷಿಣಕ್ಕೆ ತಿರುಗಿತು. ಎಲ್ ಪಾಸೋ ನಗರದ ಮೇಲೆ ಹಾದು, ದೇಶದ ಗಡಿಯನ್ನೂ ದಾಟಿ, ಮೆಕ್ಸಿಕೋ ದೇಶದ ಹುವಾರೆಸ್ ನಗರದ ದಕ್ಷಿಣಕ್ಕೆ ಒಂದು ಸ್ಮಶಾನದ ಸಮೀಪದಲ್ಲಿ ಬಿದ್ದಿತು. ಬಿದ್ದ ಸ್ಥಳದಲ್ಲಿ ಸುಮಾರು ೫೦ ಅಡಿ ಅಗಲದ, ೨೪ ಅಡಿ ಆಳದ ಹೊಂಡವಾಯಿತು. ದೈವವಶಾತ್ ಒಬ್ಬರಿಗೂ ಅಪಾಯವಾಗಲಿಲ್ಲ.

ಈ ಪ್ರಸಂಗದಲ್ಲಿ ನಾವು ಗಮನಿಸತಕ್ಕದ್ದು ಇಷ್ಟು. ಕೆಲವು ಮೈಲಿಗಳ ಈಚೆಗೆ ಬಿದ್ದಿದ್ದರೆ ರಾಕೆಟ್ಟು ಎರಡು ನಗರಗಳ ಪೈಕಿ ಯಾವುದಾದರೊಂದರ ಬೀದಿಯಲ್ಲಿ ಬೀಳುತ್ತಿತ್ತು. ಎರಡು ಊರಿನ ಜನಕ್ಕೂ ತಮ್ಮ ನೆತ್ತಿಯ ಮೇಲೆ ಇಂಥದೊಂದು ಹಾದುಹೋಗಬಹುದೆಂಬ ಕಲ್ಪನೆಯೇ ಇರಲಿಲ್ಲ. ಯಾರೂ ಅವರ ಒಪ್ಪಿಗೆಯನ್ನು ಕೇಳಿರಲಿಲ್ಲ. ಮೇಲಾಗಿ ಹುವಾರೆಸಿನವರು ಬೇರೊಂದು ದೇಶದ ಪ್ರಜೆಗಳು. ಅವರಿಗೆ ಈ ಪ್ರಯೋಗದಿಂದ ಬರತಕ್ಕ ಲಾಭವೂ ಇಲ್ಲ, ಕೀರ್ತಿಯೂ ಇಲ್ಲ.

ಅದೇ ಕಾಲದಲ್ಲಿ ಅಮೆರಿಕಾದವರು ಇನ್ನೂ ದೂರ ಹೋಗುವ ರಾಕೆಟ್ಟುಗಳಿಗಾಗಿ ಇನ್ನೂ ದೊಡ್ಡದೊಂದು ಕ್ಷೇತ್ರವನ್ನು ಹುಡುಕುತ್ತಿದ್ದರು. ಕ್ಯಾಲಿಫೋರ್ನಿಯಾದಿಂದ ಹಾರಿಸಬೇಕೆಂಬ ಆಲೋಚನೆಯಿತ್ತು. ಆದರೆ ದಾರಿಯು ಮೆಕ್ಸಿಕೋ ದೇಶದ ಮೇಲೆ ಹಾದುಹೋಗುತ್ತಿದ್ದುದರಿಂದ ಆ ದೇಶದವರು ಒಪ್ಪಲಿಲ್ಲ. ಹುವಾರೆಸಿನ ಹೊಂಡವನ್ನು ಕಂಡವರು ಒಪ್ಪದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ ಫ್ಲಾರಿಡಾದ ಕೇಪ್ ಕೆನವೆರಲ್ ಎಂಬ ಭೂಶಿರವು ಆಯ್ಕೆಯಾಯಿತು. ಅದರ ಪೂರ್ವಕ್ಕೆ ಸಾವಿರಾರು ಮೈಲಿ ಬರಿಯ ಸಮುದ್ರ; ನಡುವೆ ಅಲ್ಲಲ್ಲಿ ಕಾವಲುಠಾಣೆಗಳನ್ನಿಡಲು ಬಹಾಮಾ ಮೊದಲಾದ ದ್ವೀಪಗಳು. ೧೯೪೯ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರೂಮನ್ನರು ಇದಕ್ಕೆ ಬೇಕಾದ ಕಾನೂನಿಗೆ ಸಹಿ ಹಾಕಿದರು. ೧೯೫೦ರ ಜುಲೈ ೨೪ರಂದು ಮೊದಲನೆಯ ರಾಕೆಟ್ಟು ಅಲ್ಲಿಂದ ಹಾರಿತು. ಕಾನೂನನ್ನು ಮಾಡುವಾಗ ಅಲ್ಲಿಯ ಶಾಸನಸಭೆಗೆ ಒಂದು ಭರವಸೆಯನ್ನು ಕೊಡಲಾಗಿತ್ತು: ತಲೆಯ ಮೇಲೆ ಹಾರುವ ಸಾಧಾರಣ ವಿಮಾನದಿಂದ ಕೆಳಗಿನವರಿಗೆ ಎಷ್ಟು ಅಪಾಯವುಂಟೋ ಈ ಅಸ್ತ್ರಗಳಿಂದ ಅದಕ್ಕಿಂತ ಹೆಚ್ಚಿನ ಅಪಾಯವಾಗದು ಎಂಬುದು ಅದರ ತಾತ್ಪರ್ಯ. ಕ್ಷೇತ್ರರಕ್ಷಣೆಯೆಂಬ ವಿದ್ಯೆಯೆಲ್ಲ ಈ ಒಂದು ಮಾತನ್ನು ನಡೆಸಿಕೊಡುವ ಪ್ರಯತ್ನವೆಂದರೂ ಸಲ್ಲುತ್ತದೆ.

೩

ಈ ಅಧಿಕಾರಿಯು ಮಾಡುವ ಕೆಲಸವೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಮೊದಲು ಇದಕ್ಕಿದ್ದ ಸಾಧನಗಳು ಬಹಳ ಸರಳವಾಗಿದ್ದವು. ರಾಕೆಟ್ಟಿನ ಹಾದಿಗೆ ನೇರವಾಗಿ ಹಿಂಭಾಗದಲ್ಲಿ, ದೂರದಲ್ಲಿ, ತಂತಿಗಳನ್ನು ಬಿಗಿದ ಒಂದು ಚೌಕಟ್ಟನ್ನು ನಿಲ್ಲಿಸಿ, ಅದರ ಮೂಲಕ ಒಬ್ಬನು ನೋಡುತ್ತ ಕುಳಿತಿರುವನು. ರಾಕೆಟ್ಟು ತಂತಿಗಳ ಮೇರೆಯನ್ನು ಮೀರಿ ಪಕ್ಕಕ್ಕೆ ಸರಿದಂತೆ ಕಂಡರೆ ತಕ್ಷಣ ತಿಳಿಸುವನು. ಮುಂದೆ ರೇಡಾರುಗಳೂ ಗಣಕಯಂತ್ರಗಳೂ ಬಂದವು. ಈಗ ಅಧಿಕಾರಿಯ ಮುಂದಿನ ಭೂಪಟದ ಮೇಲೆ ಒಂದು ಚುಕ್ಕೆಯು ಚಲಿಸುತ್ತಿರುತ್ತದೆ. ಅದು ರಾಕೆಟ್ಟು ಇರುವ ಸ್ಥಾನವಲ್ಲ. ಈ ಕ್ಷಣದಲ್ಲಿ ಎಂಜಿನು ನಿಂತುಹೋದರೆ ರಾಕೆಟ್ಟು ಹೋಗಿ ಬೀಳುವ ಸ್ಥಾನ. ಅದೇ ಭೂಪಟದ ಮೇಲೆ ಊರುಗಳನ್ನೂ ದ್ವೀಪಗಳನ್ನೂ ಬಿಟ್ಟು ಮೊದಲೇ ಎಳೆದ ಗೆರೆಗಳಿರುತ್ತವೆ. ಚುಕ್ಕೆಯು ಗೆರೆಯನ್ನು ದಾಟಬಾರದು. ದಾಟುವ ಸೂಚನೆ ಕಂಡರೆ ಅಧಿಕಾರಿಯು ಮೊದಲು ಎಂಜಿನನ್ನು ನಿಲ್ಲಿಸುವ, ಆಮೇಲೆ ನಾಶಪಡಿಸುವ ಆಜ್ಞೆಗಳನ್ನು ರೇಡಿಯೋ ಮೂಲಕ ಕಳುಹಿಸುತ್ತಾನೆ. ರಾಕೆಟ್ಟಿನೊಳಗೆ ಆ ಆಜ್ಞೆಯನ್ನು ಕೇಳುವುದಕ್ಕೆಂದೇ ಎರಡು ಗ್ರಾಹಕಯಂತ್ರಗಳಿರುತ್ತವೆ. ಅವಕ್ಕೆ ವಿದ್ಯುತ್ತೂ ಬೇರೆಯಾಗಿಯೇ ಉಂಟು. ರಾಕೆಟ್ಟಿನ ಮಿಕ್ಕ ಅಂಗಗಳೆಲ್ಲ ಕೆಟ್ಟರೂ ಈ ಒಂದಂಗವು ಕೆಡಬಾರದೆಂಬುದು ಇದರ ಅಭಿಪ್ರಾಯ. ಆಜ್ಞೆ ತಲುಪಿದೊಡನೆ ಇಂಧನದ ಕೊಪ್ಪರಿಗೆಗಳ ಉದ್ದಕ್ಕೂ ಕಟ್ಟಿದ ಸ್ಫೋಟಕದ ಹುರಿಯು ಅವುಗಳನ್ನು ಸೀಳಿಬಿಡುತ್ತದೆ.

ಸೀಳಿದಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಕೂಡದು. ಒಡೆದ ಚೂರುಗಳೂ ಎಲ್ಲಿಯಾದರೂ ಬೀಳಲೇಬೇಕಷ್ಟೆ. ೧೯೬೦ರ ನವೆಂಬರ್ ೩೦ರಂದು ಕೇಪ್ ಕೆನವೆರಲಿನಿಂದ ಹಾರಿ ವಿಫಲವಾದ ಒಂದು ರಾಕೆಟ್ಟಿನ ಚೂರುಗಳು ಕ್ಯೂಬಾ ದ್ವೀಪದ ಮೇಲೆ ಬಿದ್ದವು. ಅದರಿಂದ ಒಂದು ಹಸು ಸತ್ತಿತೆಂದು ಆ ದೇಶದವರು ದೂರಿದರು. ಎರಡು ಸರ್ಕಾರಗಳ ನಡುವೆ ಮೊದಲೇ ವೈಮನಸ್ಯವಿದ್ದ ಕಾಲ. ಹಸುವಿನ ಮಾತು ರಾಜಕೀಯದ ಮಾತಾಯಿತು. ಆದಕಾರಣ ಗುಂಡಿಯನ್ನೊತ್ತುವ ಕ್ಷಣಕ್ಕಿಂತ ಬಹಳ ಮೊದಲೇ, ರಾಕೆಟ್ಟಿನ ದಾರಿಯನ್ನು ಗೊತ್ತುಮಾಡುವ ಕಾಲದಲ್ಲಿಯೇ, ರಕ್ಷಣಾಧಿಕಾರಿಯ ಕೆಲಸವು ಪ್ರಾರಂಭವಾಗುತ್ತದೆ. ಒಂದು ಉಡಾವಣೆಯಿಂದ ಜನಸಾಮಾನ್ಯರಲ್ಲಿ ಹಾನಿಗೊಳಗಾಗುವವರ ಸಂಭವವನ್ನು ಲೆಕ್ಕಹಾಕಿದಾಗ, ಅದು ಹತ್ತು ಸಾವಿರ ಉಡಾವಣೆಗಳಿಗೆ ಒಬ್ಬರೆಂಬ ಪ್ರಮಾಣವನ್ನು ಮೀರಕೂಡದೆಂದು ಅಮೆರಿಕಾದ ಈಗಿನ ನಿಯಮವು ವಿಧಿಸುತ್ತದೆ. ಲೆಕ್ಕವು ಇದಕ್ಕೆ ಸರಿಹೋಗದಿದ್ದರೆ ರಾಕೆಟ್ಟು ಹಾರುವಂತಿಲ್ಲ.

೪

ಇನ್ನು ಈ ಅಧಿಕಾರದ ಕಠಿಣತೆಯನ್ನು ತೋರಿಸುವ ಒಂದೆರಡು ನಿದರ್ಶನಗಳನ್ನು ನೋಡೋಣ. ೧೯೬೨ರ ಜುಲೈ ೨೨ರಂದು ಮ್ಯಾರಿನರ್ ೧ ಎಂಬ ನೌಕೆಯು ಶುಕ್ರಗ್ರಹಕ್ಕೆಂದು ಹೊರಟಿತು. ಅದನ್ನು ಹೊತ್ತ ರಾಕೆಟ್ಟಿಗೆ ದಾರಿ ತೋರಿಸುವ ಸಲಕರಣೆಯಲ್ಲಿ ದೋಷವುಂಟಾಯಿತು. ಆ ದೋಷವನ್ನು ಸರಿದೂಗಿಸಬೇಕಾಗಿದ್ದ ಗಣಿತಸೂತ್ರವನ್ನು ಯಂತ್ರಕ್ಕಾಗಿ ಬರೆಯುವಾಗ ಒಂದು ಚಿಹ್ನೆಯು ಬಿಟ್ಟುಹೋಗಿತ್ತು. ರಾಕೆಟ್ಟು ದಾರಿಬಿಟ್ಟು ಓಲಾಡತೊಡಗಿತು. ಉತ್ತರ ಅಟ್ಲಾಂಟಿಕ್ ಸಮುದ್ರದ ಹಡಗುಹಾದಿಗಳ ಮೇಲೆಯೋ ಜನವಸತಿಯ ಮೇಲೆಯೋ ಬೀಳುವ ಭಯವಿತ್ತು. ಹಾರಿದ ೨೯೩ನೆಯ ಸೆಕೆಂಡಿನಲ್ಲಿ ಅಧಿಕಾರಿಯು ನಾಶದ ಆಜ್ಞೆಯನ್ನು ಕೊಟ್ಟನು. ಇನ್ನು ೬ ಸೆಕೆಂಡು ಕಳೆದಿದ್ದರೆ ಮೇಲಿನ ಹಂತವು ಬೇರ್ಪಟ್ಟು, ಅದನ್ನು ನಾಶಪಡಿಸುವ ಉಪಾಯವೇ ಇಲ್ಲದೆ ಹೋಗುತ್ತಿತ್ತು. ಇನ್ನೊಂದು ಗ್ರಹಕ್ಕೆ ನೌಕೆಯನ್ನು ಕಳುಹಿಸಬೇಕೆಂದು ಒಂದು ರಾಷ್ಟ್ರವೇ ಕಾದುಕೊಂಡಿದ್ದಾಗ, ಸರಿಹೋಗಬಹುದೇನೋ ಎಂಬ ಆಸೆಯಿಂದ ಆರು ಸೆಕೆಂಡು ಸುಮ್ಮನಿರುವುದು ಮನುಷ್ಯಸ್ವಭಾವಕ್ಕೆ ಸಹಜವಾಗಿತ್ತು. ಅವನು ಸುಮ್ಮನಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹೊರಟ ಮ್ಯಾರಿನರ್ ೨ ಡಿಸೆಂಬರ್ ೧೪ರಂದು ಶುಕ್ರನ ಬಳಿ ಹಾದುಹೋಯಿತು. ಕಳೆದುಹೋದ ನೌಕೆಗೆ ಬದಲಾಗಿ ಇನ್ನೊಂದನ್ನು ಕಟ್ಟಬಹುದೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಅಧಿಕಾರಿಯು ತಪ್ಪುಮಾಡುವುದೂ ಉಂಟು. ೧೯೫೭ರ ಏಪ್ರಿಲಿನಲ್ಲಿ ಥಾರ್ ಎಂಬ ಅಸ್ತ್ರವು ಕೇಪ್ ಕೆನವೆರಲಿನಿಂದ ಎದ್ದು ಸರಿಯಾದ ಹಾದಿಯಲ್ಲಿಯೇ ಸಮುದ್ರದ ಕಡೆಗೆ ಹೋಗುತ್ತಿತ್ತು. ಅಧಿಕಾರಿಯ ಮುಂದಿನ ಯಂತ್ರದಲ್ಲಿ ತಂತಿಗಳು ಅದಲುಬದಲಾಗಿ ಜೋಡಣೆಯಾಗಿದ್ದುದರಿಂದ ಅದು ಊರಿನ ಕಡೆಗೆ ತಿರುಗಿದಂತೆ ಕಂಡಿತು. ೩೫ ಸೆಕೆಂಡುಗಳಲ್ಲಿ ನಿರ್ದೋಷಿಯಾದ ರಾಕೆಟ್ಟು ಚೂರಾಯಿತು. ಅರವತ್ತು ವರ್ಷಗಳಾದಮೇಲೆ, ೨೦೧೭ರ ಮೇ ೨೫ರಂದು, ನ್ಯೂಜಿಲೆಂಡಿನ ಮಾಹಿಯಾ ಎಂಬಲ್ಲಿಂದ ಹಾರಿದ ಎಲೆಕ್ಟ್ರಾನ್ ಎಂಬ ಹೊಸ ರಾಕೆಟ್ಟಿಗೂ ಇದೇ ಗತಿಯಾಯಿತು. ಅದು ೨೨೪ ಕಿಲೋಮೀಟರು ಎತ್ತರಕ್ಕೆ ಯಾವ ಕುಂದೂ ಇಲ್ಲದೆ ಏರಿತ್ತು. ನೆಲದ ಮೇಲಿದ್ದ ಒಂದು ಉಪಕರಣವನ್ನು ಸರಿಯಾಗಿ ಅಣಿಗೊಳಿಸಿರಲಿಲ್ಲವಾದ್ದರಿಂದ ರಕ್ಷಣಾಧಿಕಾರಿಗಳಿಗೆ ಬರತಕ್ಕ ಸಮಾಚಾರವು ನಿಂತಿತು. ರಾಕೆಟ್ಟು ಎಲ್ಲಿದೆಯೆಂದು ತಿಳಿಯದ ಮೇಲೆ ಹಾರಾಟವನ್ನು ಕೊನೆಗಾಣಿಸತಕ್ಕದ್ದೆಂದು ನಿಯಮ, ಅವರು ಕೊನೆಗಾಣಿಸಿದರು.

ಇವೆರಡು ಪ್ರಸಂಗಗಳನ್ನು ಎತ್ತಿಕೊಂಡು ಕೆಲವರು ಈ ಅಧಿಕಾರವನ್ನೇ ಹಳಿಯಬಹುದು. ಆದರೆ ತಪ್ಪುಗಳಲ್ಲಿ ಎರಡು ಬಗೆ. ಉಳಿಸಬಹುದಾಗಿದ್ದ ರಾಕೆಟ್ಟನ್ನು ಕೆಡಹುವುದು ಒಂದು. ಕೆಡಹಬೇಕಾಗಿದ್ದ ರಾಕೆಟ್ಟನ್ನು ಉಳಿಸುವುದು ಇನ್ನೊಂದು. ಮೊದಲನೆಯದರಿಂದ ಹಣವೂ ದುಡಿಮೆಯೂ ಹೋಗುತ್ತವೆ, ಎರಡನೆಯದರಿಂದ ಪ್ರಾಣ ಹೋಗುತ್ತದೆ. ಎರಡನ್ನೂ ಸಂಪೂರ್ಣವಾಗಿ ತಪ್ಪಿಸುವುದು ಸಾಧ್ಯವಿಲ್ಲದೆ ಇರುವಾಗ, ಮೊದಲನೆಯ ತಪ್ಪಿಗೆ ಎಡೆಗೊಟ್ಟು ಎರಡನೆಯದನ್ನು ತಡೆಯುವುದೇ ನ್ಯಾಯ. ಈ ಕಾರಣದಿಂದಲೇ ರಕ್ಷಣಾಧಿಕಾರಿಯು ರಾಕೆಟ್ಟನ್ನು ಕಟ್ಟಿದವರ ಕೈಕೆಳಗಿನವನಾಗಿರಬಾರದು. ಕಟ್ಟಿದವನಿಗೆ ತನ್ನ ಕೃತಿಯ ಮೇಲೆ ಮೋಹವಿರುವುದು ತಪ್ಪಲ್ಲ. ಆ ಮೋಹವಿಲ್ಲದೆ ಕಟ್ಟುವುದೇ ಆಗದು. ಆದರೆ ಆ ಮೋಹವುಳ್ಳವನ ಕೈಗೆ ಗುಂಡಿಯನ್ನು ಕೊಟ್ಟರೆ ಅವನು ಆರು ಸೆಕೆಂಡು ಕಾಯುತ್ತಾನೆ.

೫

ರಾಕೆಟ್ಟಿನೊಳಗೆ ಮನುಷ್ಯರೇ ಕುಳಿತಿರುವಾಗ ಈ ಹೊಣೆಯು ಎಷ್ಟು ದಾರುಣವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಅಮೆರಿಕಾದ ಷಟಲ್ ನೌಕೆಯ ಪಕ್ಕದ ಎರಡು ರಾಕೆಟ್ಟುಗಳಿಗೂ ನಡುವಿನ ಇಂಧನದ ಕೊಪ್ಪರಿಗೆಗೂ ಸ್ಫೋಟಕಗಳನ್ನು ಕಟ್ಟಿರುತ್ತಿದ್ದರು. ಒಳಗೆ ಯಾತ್ರಿಕರಿದ್ದಾರೆಂಬ ಕಾರಣದಿಂದ ಫ್ಲಾರಿಡಾದ ಕರಾವಳಿಯ ಊರುಗಳ ರಕ್ಷಣೆಯನ್ನು ಬಿಟ್ಟಿರಲಿಲ್ಲ. ೧೯೮೬ರ ಜನವರಿ ೨೮ರಂದು ಚಾಲೆಂಜರ್ ನೌಕೆಯು ೭೩ನೆಯ ಸೆಕೆಂಡಿನಲ್ಲಿ ಒಡೆದು ಏಳು ಮಂದಿ ಯಾತ್ರಿಕರು ನಷ್ಟವಾದ ದುರಂತವು ಲೋಕವಿದಿತವಾದದ್ದು. ಆದರೆ ಪಕ್ಕದ ಎರಡು ರಾಕೆಟ್ಟುಗಳು ಮಾತ್ರ ಒಡೆಯದೆ, ಹಿಡಿತವಿಲ್ಲದೆ ಉರಿಯುತ್ತ ತಮ್ಮಷ್ಟಕ್ಕೆ ಹಾರುತ್ತಲೇ ಇದ್ದವೆಂಬುದು ಅಷ್ಟಾಗಿ ತಿಳಿಯದು. ಜಗತ್ತೆಲ್ಲ ದಿಗ್ಭ್ರಮೆಯಿಂದ ಆಕಾಶವನ್ನು ನೋಡುತ್ತಿದ್ದ ಆ ಹೊತ್ತಿನಲ್ಲಿ ರಕ್ಷಣಾಧಿಕಾರಿಯು ತನ್ನ ದುಃಖವನ್ನು ಬದಿಗಿಟ್ಟು, ೧೧೦ನೆಯ ಸೆಕೆಂಡಿನಲ್ಲಿ ಅವೆರಡನ್ನೂ ನಾಶಪಡಿಸಬೇಕಾಯಿತು.

೬

ಕಾವಲಿಲ್ಲದ ಕಡೆ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಬೆಟ್ಟಗಳ ನಡುವಣ ಕಣಿವೆಯೊಂದರಲ್ಲಿ ಷೀಚಾಂಗ್ ಎಂಬ ಉಡಾವಣಾ ಕ್ಷೇತ್ರವಿದೆ. ೧೯೯೬ರ ಫೆಬ್ರವರಿ ೧೫ರ ಬೆಳಗಿನ ಜಾವ ಅಲ್ಲಿಂದ ಲಾಂಗ್ ಮಾರ್ಚ್ ೩ಬಿ ಎಂಬ ಹೊಸ ರಾಕೆಟ್ಟನ್ನು ಇಂಟೆಲ್‌ಸ್ಯಾಟ್ ೭೦೮ ಎಂಬ ಉಪಗ್ರಹದೊಡನೆ ಮೊದಲ ಸಲ ಹಾರಿಸಿದರು. ನೆಲವನ್ನು ಬಿಟ್ಟ ಕೂಡಲೇ ಅದು ವಾಲತೊಡಗಿ, ೨೨ ಸೆಕೆಂಡುಗಳಲ್ಲಿ ಸಮೀಪದ ಗುಡ್ಡದ ಪಕ್ಕಕ್ಕೆ ಬಡಿದು ಸ್ಫೋಟವಾಯಿತು. ಪಕ್ಕದ ವಸತಿಯ ಮನೆಗಳು ನೆಲಸಮವಾದವು. ೬ ಮಂದಿ ಸತ್ತರೆಂದೂ ೫೭ ಮಂದಿ ಗಾಯಗೊಂಡರೆಂದೂ ಸರ್ಕಾರವು ಪ್ರಕಟಿಸಿತು. ಪಾಳುಬಿದ್ದ ಮನೆಗಳನ್ನು ಕಂಡ ವಿದೇಶೀಯರಲ್ಲಿ ಅನೇಕರು ಈ ಸಂಖ್ಯೆಯನ್ನು ನಂಬಲಿಲ್ಲ. ದಿಕ್ಕನ್ನು ತಿಳಿಸುವ ಸಲಕರಣೆಯಲ್ಲಿ ಬೆಸುಗೆಯೊಂದು ಬಿಟ್ಟುಕೊಂಡದ್ದೇ ಅನರ್ಥಕ್ಕೆ ಮೂಲವೆಂದು ವಿಚಾರಣೆಯಿಂದ ತಿಳಿದುಬಂದಿತು.

ಬೆಸುಗೆ ಬಿಡುವುದು ಯಾವ ದೇಶದಲ್ಲಾದರೂ ಆಗತಕ್ಕದ್ದೇ. ರಷ್ಯಾದವರ ಪ್ರೋಟಾನ್ ರಾಕೆಟ್ಟೊಂದರಲ್ಲಿ ತಿರುವನ್ನು ಅಳೆಯುವ ಸಲಕರಣೆಗಳನ್ನು ತಲೆಕೆಳಗಾಗಿ ಜೋಡಿಸಿದ್ದರಿಂದ ಅದು ೨೦೧೩ರ ಜುಲೈ ೨ರಂದು ಬೈಕನೂರಿನಲ್ಲಿ ಎದ್ದ ಸುಮಾರು ಅರ್ಧ ನಿಮಿಷದಲ್ಲಿ ಬೋರಲಾಗಿ ನೆಲಕ್ಕೆ ಬಿತ್ತು. ಬಿದ್ದದ್ದು ಕ್ಷೇತ್ರದ ಮೇರೆಯೊಳಗಿನ ಬಯಲಿನಲ್ಲಾದ್ದರಿಂದ ಯಾರೂ ಸಾಯಲಿಲ್ಲ. ಎರಡು ಕಡೆಯೂ ದೋಷವು ಅಲ್ಪವಾದದ್ದೇ, ಪತನವು ಸಂಪೂರ್ಣವಾದದ್ದೇ. ವ್ಯತ್ಯಾಸವಾದದ್ದು ಜನವಸತಿಗೂ ರಾಕೆಟ್ಟಿಗೂ ಇದ್ದ ದೂರದಲ್ಲಿ. ಇಪ್ಪತ್ತೆರಡು ಸೆಕೆಂಡಿನಲ್ಲಿ ಮುಗಿದುಹೋಗುವ ಅನಾಹುತವನ್ನು ಎಂಥ ಚತುರನಾದ ಅಧಿಕಾರಿಯೂ ಗುಂಡಿಯೊತ್ತಿ ತಡೆಯುತ್ತಾನೆಂದು ಹೇಳಲಾಗುವುದಿಲ್ಲ. ಅಲ್ಲಿ ಕಾಪಾಡತಕ್ಕದ್ದು ದೂರವೊಂದೇ; ದೂರವಿಲ್ಲದ ಕಡೆ ಜನರನ್ನು ಮೊದಲೇ ತೆರವು ಮಾಡಿಸುವುದೊಂದೇ.

೭

ನಮ್ಮ ದೇಶದ ಕ್ಷೇತ್ರವು ಬಂಗಾಳ ಕೊಲ್ಲಿಯ ದಡದ ಶ್ರೀಹರಿಕೋಟಾ ದ್ವೀಪದಲ್ಲಿರುವುದು ಈ ದೃಷ್ಟಿಯಿಂದ ವಿವೇಕದ ಆಯ್ಕೆಯೆಂದೇ ಹೇಳಬೇಕು. ೧೯೭೯ರ ಆಗಸ್ಟ್ ೧೦ರಂದು ಅಲ್ಲಿಂದ ಹಾರಿದ ನಮ್ಮ ಮೊದಲ ಉಪಗ್ರಹವಾಹಕವಾದ ಎಸ್‌ಎಲ್‌ವಿ-೩ ವಿಫಲವಾದಾಗ ಅದು ಬಿದ್ದದ್ದು ಸಮುದ್ರದಲ್ಲಿ. ೨೦೧೦ರ ಡಿಸೆಂಬರ್ ೨೫ರಂದು ಜಿಎಸ್‌ಎಲ್‌ವಿ-ಎಫ್೦೬ ಎಂಬ ದೊಡ್ಡ ರಾಕೆಟ್ಟು, ಬೆಂಗಳೂರಿನಲ್ಲಿ ಸಿದ್ಧವಾದ ಜಿಸ್ಯಾಟ್-೫ಪಿ ಎಂಬ ಉಪಗ್ರಹವನ್ನು ಹೊತ್ತು ಏರಿತು. ಒಂದು ನಿಮಿಷ ತುಂಬುವುದರೊಳಗೆ, ಆಜ್ಞೆಗಳನ್ನು ಒಯ್ಯುವ ತಂತಿಗಳ ಕೂಡುಕೊಂಡಿಗಳು ಕಳಚಿಕೊಂಡು, ರಾಕೆಟ್ಟು ಹಿಡಿತ ತಪ್ಪಿ ಒಡೆಯತೊಡಗಿತು. ೬೪ನೆಯ ಸೆಕೆಂಡಿನಲ್ಲಿ ನೆಲದಿಂದ ನಾಶದ ಆಜ್ಞೆಯು ಹೋಯಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಂದು ಊಟ ರುಚಿಸಿರಲಾರದು. ಆದರೆ ಕರಾವಳಿಯ ಬೆಸ್ತರ ಕೇರಿಗಳಲ್ಲಿ ಒಂದು ಗುಡಿಸಲಿಗೂ ಕಿಡಿ ತಾಕಲಿಲ್ಲ.

ಗುಂಡಿಯನ್ನೊತ್ತದೆ ನಡೆಯುವ ರಕ್ಷಣೆಯೂ ನಮ್ಮಲ್ಲುಂಟು. ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಉಪಗ್ರಹವನ್ನು ಕಳುಹಿಸಬೇಕಾದರೆ ರಾಕೆಟ್ಟು ದಕ್ಷಿಣಕ್ಕೆ ಹೋಗಬೇಕು. ಶ್ರೀಹರಿಕೋಟೆಯಿಂದ ನೇರವಾಗಿ ದಕ್ಷಿಣಕ್ಕೆ ಹೋದರೆ ಸಿಂಹಳದ್ವೀಪವು ಅಡ್ಡಬರುತ್ತದೆ. ಆದ್ದರಿಂದ ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟು ಮೊದಲು ಆಗ್ನೇಯಕ್ಕೆ ಹೋಗಿ, ಆ ದ್ವೀಪವನ್ನು ಬಳಸಿಕೊಂಡು, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಈ ಬಳಸುದಾರಿಯಿಂದ ಇಂಧನವು ಹೆಚ್ಚು ಖರ್ಚಾಗಿ, ಹೊರಬಹುದಾದ ಭಾರವು ಕಡಿಮೆಯಾಗುತ್ತದೆ. ಹಾರುವ ಪ್ರತಿಯೊಂದು ಸಲವೂ, ನಮ್ಮನ್ನು ಕಂಡರಿಯದ ನೆರೆಯ ದೇಶದ ಜನರ ನೆಮ್ಮದಿಗಾಗಿ ನಾವು ತೆರುವ ಕಂದಾಯವಿದು. ಚಿಕ್ಕ ರಾಕೆಟ್ಟುಗಳಿಗೆ ಈ ಕಂದಾಯವು ಭಾರವಾದದ್ದರಿಂದಲೇ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಹೊಸ ಕ್ಷೇತ್ರವೊಂದಕ್ಕೆ ೨೦೨೪ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿಂದ ದಕ್ಷಿಣಕ್ಕೆ ತೆರೆದ ಸಮುದ್ರ. ನೆರೆಯವರ ನೆತ್ತಿಯ ಮೇಲೆ ಹಾರಿಸಿ ಖರ್ಚನ್ನು ಉಳಿಸೋಣವೆನ್ನದೆ, ಹಾರಿಸುವ ಸ್ಥಳವನ್ನೇ ಬೇರೆಯಾಗಿ ಹುಡುಕಿದ್ದು ಉಚಿತವಾದ ಮಾರ್ಗ.

೮

ಈಚೆಗೆ ಈ ಕಾವಲಿನ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪದ್ಧತಿಯು ಬಂದಿದೆ. ಗೆರೆಗಳನ್ನೂ ನಿಯಮಗಳನ್ನೂ ರಾಕೆಟ್ಟಿನೊಳಗಿನ ಗಣಕಕ್ಕೆ ಮೊದಲೇ ತಿಳಿಸಿಟ್ಟರೆ, ದಾರಿ ತಪ್ಪಿದಾಗ ಅದು ತನ್ನನ್ನು ತಾನೇ ನಾಶಪಡಿಸಿಕೊಳ್ಳುತ್ತದೆ. ಯಂತ್ರಕ್ಕೆ ಮೋಹವಿಲ್ಲ, ಕೈನಡುಕವಿಲ್ಲ. ಇದು ದೊಡ್ಡ ಗುಣವೇ. ಆದರೆ ೨೦೨೩ರ ಏಪ್ರಿಲ್ ೨೦ರಂದು ಟೆಕ್ಸಾಸಿನ ಕರಾವಳಿಯಿಂದ ಹಾರಿದ ಸ್ಟಾರ್‌ಷಿಪ್ ಎಂಬ ಮಹಾರಾಕೆಟ್ಟು ಹಿಡಿತ ತಪ್ಪಿ ಉರುಳತೊಡಗಿದಾಗ, ಯಂತ್ರವು ಆಜ್ಞೆಯನ್ನೇನೋ ಕೊಟ್ಟಿತು. ಕಟ್ಟಿದ್ದ ಸ್ಫೋಟಕವು ಸಾಲದೆ, ರಾಕೆಟ್ಟು ಒಡೆಯಲು ಸುಮಾರು ೪೦ ಸೆಕೆಂಡು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಅದು ಕಡಲಿನ ಮೇಲಿದ್ದುದರಿಂದ ಯಾರಿಗೂ ಕೆಡುಕಾಗಲಿಲ್ಲ. ಮುಂದಿನ ಹಾರಾಟಕ್ಕೆ ಅಪ್ಪಣೆ ಕೊಡುವ ಮೊದಲು ಈ ದೋಷವನ್ನು ತಿದ್ದಿಕೊಳ್ಳುವಂತೆ ಸರ್ಕಾರದವರು ವಿಧಿಸಿದರು. ಗುಂಡಿಯೊತ್ತುವ ಕೈಯನ್ನು ಯಂತ್ರಕ್ಕೆ ಬದಲಾಯಿಸಬಹುದು. ಎಷ್ಟು ಸ್ಫೋಟಕ ಸಾಕು, ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಹೊಣೆಯು ಮನುಷ್ಯನ ಹೆಗಲಿನಿಂದ ಇಳಿಯುವಂಥದಲ್ಲ.

ಕೆರೆಯನ್ನು ಕಟ್ಟಿಸಿದವರ ಹೆಸರುಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಮಳೆಯ ರಾತ್ರಿ ಲಾಟೀನು ಹಿಡಿದು ಹೋಗಿ ಕೋಡಿಯ ಮಣ್ಣನ್ನು ಕಿತ್ತ ನೀರಗಂಟಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದು ಅಪರೂಪ. ಮರುದಿನ ಬೆಳಗ್ಗೆ ಊರಿನವರು ಇಳಿದ ನೀರನ್ನು ಕಂಡು ಅವನನ್ನು ಬೈದದ್ದೂ ಉಂಟು. ಏರಿ ಒಡೆಯದೆ ಇದ್ದದ್ದರಿಂದ, ಅದು ಒಡೆಯುತ್ತಿತ್ತೆಂದು ಅವನು ತೋರಿಸಿಕೊಡುವುದಾದರೂ ಹೇಗೆ? ಮ್ಯಾರಿನರ್ ನೌಕೆಯನ್ನು ಕೆಡಹಿದ ಅಧಿಕಾರಿಯ ಸ್ಥಿತಿಯೂ ಅದೇ. ಅವನ ಆಜ್ಞೆಯಿಂದ ಉಳಿದ ಹಡಗು ಯಾವುದು, ಮನೆ ಯಾವುದು ಎಂಬುದು ಅವನಿಗೂ ತಿಳಿಯದು, ಆ ಮನೆಯವರಿಗೂ ತಿಳಿಯದು. ಆಕಾಶಯಾನದ ಚರಿತ್ರೆಯನ್ನು ಓದುವಾಗ ಆ ಮನೆಯವರನ್ನೂ ಒಂದು ಕ್ಷಣ ನೆನೆಯುವುದು ಯುಕ್ತವೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ.